ಫ್ರಿಜ್ಜಿನ ನಲ್ಲಿ ಮುನಿದಾಗ

ಮಡಿಕೇರಿಯ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮನೆಯ ಫ್ರಿಜ್ಜಿನ ಬಾಗಿಲಿನಲ್ಲಿರುವ ನೀರಿನ ನಲ್ಲಿ ಬೇಸಿಗೆಯಲ್ಲಿ ಚೆನ್ನಾಗಿ ಸುರಿಯುತ್ತಿತ್ತಂತೆ. ಮಳೆ ಹಿಡಿದ ಮೇಲೆ ನೂಲೆಳೆಯಂತಾಗಿದೆ. ಮೈಸೂರಿನಿಂದ ಮೆಕ್ಯಾನಿಕ್ಕು ಬರಬೇಕಾದರೆ ಸುಮಾರು 120 ಕಿಲೋಮೀಟರಿನ ಪ್ರಯಾಣದ ಖರ್ಚೂ ಇವರದೇ. ಮನೆಯಲ್ಲಿ ವೃದ್ಧ ಅತ್ತೆಯವರು, ಶಾಲೆಗೆ ಹೋಗುವ ಮಗು. ಇಬ್ಬರಿಗೂ ಕುಡಿಯಲು ಅದೇ ನೀರು. ಮೆಕ್ಯಾನಿಕ್ಕನ್ನು ಕರೆಯುವ ಮುನ್ನ ತಾವೇ ನೋಡಬಹುದಾದುದೇನಾದರೂ ಉಂಟೇ ಎಂದು ಕೇಳಿದ್ದಾರೆ. ಖಂಡಿತವಾಗಿಯೂ ಉಂಟು.

ಇಂಥ ಫ್ರಿಜ್ಜುಗಳಲ್ಲಿ ಎರಡು ಜಾತಿ. ಒಂದರಲ್ಲಿ ಬಾಗಿಲಿನ ಒಳಮೈಗೆ ಸಣ್ಣ ತೊಟ್ಟಿಯಿರುತ್ತದೆ. ನೀರನ್ನು ನಾವೇ ತುಂಬಬೇಕು. ಇದಕ್ಕೆ ಕೊಳವೆಯ ಹಂಗಿಲ್ಲ. ಸಾಮಾನ್ಯವಾಗಿ ನೀರು ತನ್ನ ಭಾರದಿಂದಲೇ ಇಳಿಯುವುದರಿಂದ ಕರೆಂಟು ಹೋದಾಗಲೂ ಲೋಟ ತುಂಬುತ್ತದೆ. ಇನ್ನೊಂದು ಜಾತಿಗೆ ಹಿಂಬದಿಯಿಂದ ನೀರಿನ ಕೊಳವೆ ಸೇರಿರುತ್ತದೆ. ಲೋಟ ಒತ್ತಿದೊಡನೆ ವಿದ್ಯುತ್ ವಾಲ್ವು ತೆರೆದು, ಫಿಲ್ಟರಿನ ಮೂಲಕ ನೀರು ಬರುತ್ತದೆ. ಫಿಲ್ಟರಿನ ಮಾತು ಕಾಗದದಲ್ಲಿ ಬಂದಿರುವುದರಿಂದ ಸೋದರಿಯವರದು ಎರಡನೆಯ ಜಾತಿಯೆಂದು ತಿಳಿಯೋಣ.

ಈ ಯಂತ್ರಕ್ಕೆ ನೀರು ಸಾಕಷ್ಟು ಒತ್ತಡದಿಂದ ಬರಬೇಕು. ಹಲವು ತಯಾರಕರ ಕೈಪಿಡಿಗಳು ಚದರ ಅಂಗುಲಕ್ಕೆ ಕನಿಷ್ಠ 20 ಪೌಂಡಿನಷ್ಟು ಕೇಳುತ್ತವೆ. ನೀರು ನಿಂತ ಪ್ರತಿ ಅಡಿ ಎತ್ತರಕ್ಕೆ ದೊರೆಯುವ ಒತ್ತಡವಾದರೋ 0.43 ಪೌಂಡು ಮಾತ್ರ. ತಾರಸಿಯ ಮೇಲಿನ ಟ್ಯಾಂಕು ಫ್ರಿಜ್ಜಿಗಿಂತ ಹತ್ತಡಿ ಮೇಲಿದ್ದರೆ ನಾಲ್ಕು ಪೌಂಡು ಚಿಲ್ಲರೆಯಾಯಿತು. ಇಪ್ಪತ್ತು ಪೌಂಡಿಗೆ 46 ಅಡಿ ಎತ್ತರ ಬೇಕು! ಪೇಟೆಯ ಒಂದಂತಸ್ತಿನ ಮನೆಗೆ ಸಣ್ಣ ಪಂಪಿಲ್ಲದೆ ಇದು ಸಾಗದು. ಗುಡ್ಡದ ಮೇಲಿನ ಒರತೆಯ ನೀರನ್ನು ಕೊಳವೆಯಲ್ಲಿ ಇಳಿಸಿಕೊಳ್ಳುವ ತೋಟದ ಮನೆಯವರಿಗೆ ಮಾತ್ರ ಈ ಒತ್ತಡ ಪುಕ್ಕಟೆಯಾಗಿ ದೊರೆಯುತ್ತದೆ. ಆದರೆ ಸೋದರಿಯವರ ನಲ್ಲಿ ಬೇಸಿಗೆಯಲ್ಲಿ ಸರಿಯಾಗಿಯೇ ಇತ್ತಲ್ಲವೇ? ಹಾಗಿದ್ದ ಮೇಲೆ ಟ್ಯಾಂಕಿನ ಎತ್ತರವನ್ನು ದೂರಿ ಫಲವಿಲ್ಲ.

ಮೊದಲ ಅನುಮಾನ ಫಿಲ್ಟರಿನ ಮೇಲೆ. ಕೂಟುಹೊಳೆಯ ನೀರೇ ಆಗಲಿ, ಮನೆಯ ಬಾವಿಯದೇ ಆಗಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಕೊಡಗಿನ ನೀರಿಗೆ ಮಣ್ಣು ಬೆರೆಯದಿರುವುದು ಕಷ್ಟ. ಆರು ತಿಂಗಳಿಗೊಮ್ಮೆ ಬದಲಿಸಿರೆಂದು ಫಿಲ್ಟರಿನ ಮೇಲೆ ಅಚ್ಚಾಗಿರುವುದು ತಿಳಿನೀರಿನ ಲೆಕ್ಕ. ಆಟಿಯ ಮಳೆಗೆ ಅದು ತಿಳಿಯದು. ಪರೀಕ್ಷೆ ಸುಲಭ. ಅನೇಕ ಫ್ರಿಜ್ಜುಗಳ ಜೊತೆಗೆ ಫಿಲ್ಟರಿನ ಬದಲಿಗೆ ತೊಡಿಸುವ ಒಂದು ಮುಚ್ಚಳ ಬಂದಿರುತ್ತದೆ. ಫಿಲ್ಟರನ್ನು ತೆಗೆದು ಅದನ್ನು ತೊಡಿಸಿ ಲೋಟ ಒತ್ತಿರಿ. ಧಾರೆ ದಪ್ಪನಾದರೆ ಕಳ್ಳ ಸಿಕ್ಕಿದನೆಂದೇ ಅರ್ಥ. ಹೊಸ ಫಿಲ್ಟರು ಹಾಕಿದ ಮೇಲೆ ಸುಮಾರು ಹತ್ತು ಲೀಟರು ನೀರನ್ನು ಹರಿಯಬಿಟ್ಟು ಚೆಲ್ಲಬೇಕು. ಕೊಳವೆಯೊಳಗೆ ಗಾಳಿ ಸೇರಿರುವುದರಿಂದ ಮೊದಮೊದಲು ನಲ್ಲಿ ಕೆಮ್ಮುತ್ತದೆ, ಆಮೇಲೂ ಸ್ವಲ್ಪ ತೊಟ್ಟಿಕ್ಕುತ್ತದೆ, ಗಾಬರಿ ಬೇಡ. ಅಡಿಗೆಮನೆಯ ಕೊಳವೆಗೇ ಮಣ್ಣು ಸೋಸುವ ಸಾಧಾರಣ ಫಿಲ್ಟರೊಂದನ್ನು ಕೂರಿಸಿಕೊಂಡರೆ ಬೆಲೆಯುಳ್ಳ ಒಳಗಿನ ಫಿಲ್ಟರು ಬೇಗ ಕಟ್ಟಿಕೊಳ್ಳದು.

ಮುಚ್ಚಳ ತೊಡಿಸಿದರೂ ಧಾರೆ ಹೆಚ್ಚದಿದ್ದರೆ ಗೋಡೆಯ ಕಡೆಗೆ ತಿರುಗಿ. ನೆಲ ಸಾರಿಸುವಾಗ ಫ್ರಿಜ್ಜನ್ನು ಹಿಂದಕ್ಕೆ ತಳ್ಳಿ ಕೊಳವೆ ಮಡಚಿಕೊಂಡಿರಬಹುದು. ಹಿಂದಿನ ನಲ್ಲಿ ಅರ್ಧ ಮುಚ್ಚಿರಬಹುದು. ಕೈಹಾಕುವ ಮುನ್ನ ಪ್ಲಗ್ಗು ಕೀಳಿರಿ, ನೀರು ನಿಲ್ಲಿಸಿರಿ. ನೀರೂ ವಿದ್ಯುತ್ತೂ ಸೇರುವ ಜಾಗದಲ್ಲಿ ಅವಸರ ಸಲ್ಲದು. ಒತ್ತಿದಾಗ ವಾಲ್ವು ಗುಂಯ್‌ಗುಟ್ಟಿ ನೀರು ಬಾರದಿದ್ದರೆ ವೋಲ್ಟೇಜು ಕುಸಿದಿರಬಹುದು. ವೋಲ್ಟೇಜು ಸರಿಯಿದ್ದೂ ಹಾಗೆಯೇ ಆದರೆ ಅದು ಮೆಕ್ಯಾನಿಕ್ಕಿನ ಕೆಲಸ. ಸದ್ದೂ ಇಲ್ಲ, ನೀರೂ ಇಲ್ಲ ಎಂದಾದರೆ ಮಕ್ಕಳು ಬೀಗದ ಗುಂಡಿ ಒತ್ತಿದ್ದಾರೆಯೇ ನೋಡಿ. ಇಷ್ಟಕ್ಕೇ ಮೈಸೂರಿನ ಪ್ರಯಾಣದ ಖರ್ಚು ತೆತ್ತ ಮನೆಗಳುಂಟು!

ಧಾರೆ ಸರಿಹೋಯಿತೆಂದು ಅತ್ತೆಯವರಿಗೆ ಲೋಟ ತುಂಬಿ ಕೊಡುವ ಮುನ್ನ ಇನ್ನೊಂದು ಮಾತು. ಇದ್ದಿಲಿನ ಫಿಲ್ಟರು ವಾಸನೆಯನ್ನೂ ಕ್ಲೋರಿನ್ನಿನ ರುಚಿಯನ್ನೂ ತೆಗೆದೀತು, ರೋಗಾಣುಗಳನ್ನು ಕೊಲ್ಲಲಾರದು. ನೀರು ತಿಳಿಯಾಗಿ ತಣ್ಣಗಿದೆಯೆಂದ ಮಾತ್ರಕ್ಕೆ ಅದು ಶುದ್ಧವೆಂದು ನಂಬಬಾರದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಬಂದ ಕೆಸರನ್ನು ಕಂಡ ಕೊಡಗಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ನನ್ನನ್ನು ಕೇಳಿದರೆ, ನೀರು ಕದಡಿರುವಷ್ಟು ದಿನ ಆ ನಲ್ಲಿಯನ್ನು ಕುಡಿಯಲು ಬಳಸುವುದೇ ಬೇಡ. ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರು ಎತ್ತರದ ಮಡಿಕೇರಿಯಲ್ಲಿ ನೀರು 100 ಡಿಗ್ರಿಗೆ ಬದಲಾಗಿ 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಆದರೂ ಕೊತಕೊತನೆ ಒಂದು ನಿಮಿಷ ಕುದಿದರೆ ಸಾಕು.

ಈ ವಿಷಯದಲ್ಲಿ ಕೈಯಿಂದ ತುಂಬುವ ತೊಟ್ಟಿಯೇ ವಾಸಿ, ಕುದಿಸಿ ಆರಿಸಿದ ನೀರನ್ನು ಅದಕ್ಕೆ ಸುರಿಯಬಹುದು. ಬಿಸಿನೀರನ್ನಾಗಲಿ, ಷರಬತ್ತನ್ನಾಗಲಿ ಹಾಕಬೇಡಿ. ವಾರಕ್ಕೊಮ್ಮೆ ತೊಟ್ಟಿಯನ್ನು ಕಳಚಿ ಅಡಿಗೆ ಸೋಡದ ನೀರಿನಿಂದ ತೊಳೆಯಿರಿ. ನಲ್ಲಿ ಸೋರಿದರೆ ಬುಡದ ರಬ್ಬರು ಬಳೆಯಲ್ಲಿ ಕಸ ಸಿಕ್ಕಿದೆಯೇ, ಬಳೆ ಹರಿದಿದೆಯೇ ನೋಡಿ. ತೊಟ್ಟಿ ತುಂಬಿದ್ದೂ ನೀರು ಇಳಿಯದಿದ್ದರೆ ಮುಚ್ಚಳವನ್ನು ಸಡಿಲಿಸಿ ನೋಡಿ; ಒಂದೇ ತೂತಿನ ಎಣ್ಣೆ ಡಬ್ಬಿಯಂತೆ, ಗಾಳಿ ಒಳಗೆ ಹೋಗದೆ ನೀರು ಹೊರಗೆ ಬಾರದು.

ಪುತ್ತರಿಗೆ ನೆಂಟರಿಷ್ಟರು ತುಂಬಿದಾಗ ನಾಲ್ಕಾರು ಲೋಟದ ಬಳಿಕ ನೀರು ತಣ್ಣಗಿಲ್ಲವೆಂದು ಫ್ರಿಜ್ಜನ್ನು ಬೈಯಬೇಡಿ. ಒಳಗೆ ಸಂಗ್ರಹವಿರುವ ತಣ್ಣೀರೇ ಅಷ್ಟು. ಹೊಸ ನೀರು ತಣಿಯಲು ಕೆಲವು ಗಂಟೆಗಳು ಬೇಕು. ಹಿಂದಿನ ರಾತ್ರಿಯೇ ಎರಡು ಹೂಜಿ ತುಂಬಿಸಿ ಒಳಗಿಟ್ಟಿರಿ.