ಶೀಟ್ ಓಕೆ ಅಂದಿತ್ತು

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ ಒಂದು ರೂಮಿನ ಸ್ಲ್ಯಾಬ್ ಡಿಸೈನ್ ಮಾಡಿದ್ವಿ. ‘ಮಾಡಿದ್ವಿ’ ಅನ್ನೋದು ಸ್ವಲ್ಪ ದೊಡ್ಡ ಮಾತೇ. ಸೀನಿಯರ್‌ಗಳಿಂದ ಬಂದ ಎಕ್ಸೆಲ್ ಶೀಟಿನಲ್ಲಿ ನಂಬರ್ ತುಂಬಿಸಿದ್ವಿ, ಕೊನೇ ಸಾಲಿನಲ್ಲಿ ಹಸಿರು ಬಣ್ಣದಲ್ಲಿ ಓಕೆ ಅಂತ ಬಂತು, ಪ್ರಿಂಟ್ ತೆಗೆದ್ವಿ. 8 ಎಂಎಂ ಕಂಬಿ, 70 ಎಂಎಂಗೊಂದು.

ನಮ್ಮಲ್ಲೊಬ್ಬನ ಅಪ್ಪ ಮೇಸ್ತ್ರಿ. ಮನೆಯಲ್ಲಿ ಬಿದ್ದಿದ್ದ ರಿಪೋರ್ಟ್ ತಿರುವಿ ನೋಡಿ, “ಇದೇನೋ, ಮೂರಿಂಚೂ ಇಲ್ಲ? ಮನೆ ಮೋಲ್ಡಿಗೋ, ಬ್ಯಾಂಕ್ ಲಾಕರ್‌ಗೋ?” ಅಂದ್ರಂತೆ. ಅವರು ಇಂಥ ರೂಮಿಗೆ ಆರಿಂಚಿಗೊಂದು ಕಟ್ಟಿಸ್ತಾರೆ. ಮಾರನೇ ದಿನ ಕ್ಯಾಂಟೀನಿನಲ್ಲಿ ಪೇಪರ್ ತಗೊಂಡು ಕೂತ್ವಿ.

ರೂಮು 3 ಮೀಟರ್ ಅಗಲ, 7 ಮೀಟರ್ ಉದ್ದ. ಉದ್ದ ಅಗಲದ ಎರಡರಷ್ಟಕ್ಕಿಂತ ಹೆಚ್ಚು, ಹಾಗಾಗಿ ಒನ್‌ವೇ ಸ್ಲ್ಯಾಬ್. ದಪ್ಪ 125 ಎಂಎಂ, ಸ್ವಂತ ತೂಕ ಚದರ ಮೀಟರಿಗೆ 3.125 ಕಿಲೋನ್ಯೂಟನ್. ಫಿನಿಶ್ 1, ಲೈವ್ ಲೋಡ್ 2. ಒಟ್ಟು 6.125, ಅದರ ಒಂದೂವರೆಪಟ್ಟು 9.19. ಮೊಮೆಂಟ್ 10.3 ಕಿಲೋನ್ಯೂಟನ್ ಮೀಟರ್. ಎಂ20 ಕಾಂಕ್ರೀಟು, ಎಫ್‌ಇ500 ಕಂಬಿಗೆ ಬೇಕಾದ ಸ್ಟೀಲು ಮೀಟರಿಗೆ ಸುಮಾರು 250 ಚದರ ಎಂಎಂ. ಶೀಟ್ ಕೊಟ್ಟಿದ್ದು 700ರ ಮೇಲೆ! ಹುಡುಕಿದ್ರೆ ಫಿನಿಶ್ ಕಾಲಮ್ಮಿನಲ್ಲಿ 1ರ ಬದಲು 10 ಇತ್ತು. ಹಾಗಾದ್ರೂ ಮೊಮೆಂಟು ಲಿಮಿಟ್ ದಾಟಿರ್ಲಿಲ್ಲ. 27ಕ್ಕೆ 25.5. ಅದಕ್ಕೇ ಹಸಿರು.

ತಪ್ಪು ಎಕ್ಸೆಲ್ಲಿನದಲ್ಲ, ನಮ್ಮದೇ. ಆದ್ರೆ ಒಂದು ಸಲ ಕೈಯಲ್ಲಿ ಮಾಡಿದ್ರೆ ‘ಇಷ್ಟು ದಪ್ಪದ, ಇಷ್ಟು ಅಗಲದ ಸ್ಲ್ಯಾಬಿಗೆ ಇಷ್ಟೇ ಬರಬೇಕು’ ಅನ್ನೋ ಅಂದಾಜು ತಲೆಯಲ್ಲಿ ಕೂರುತ್ತೆ. ನಮಗೆ ಅದಿರ್ಲಿಲ್ಲ, ಮೇಸ್ತ್ರಿಗೆ ಇತ್ತು.

ಇಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿತ್ತು. 250 ಚದರ ಎಂಎಂ ಅಂದ್ರೆ 8 ಎಂಎಂ ಕಂಬಿ 200 ಎಂಎಂಗೊಂದು ಸಾಕು, ಮೇಸ್ತ್ರಿಗಳು ಸುಮ್ನೆ ಆರಿಂಚಿಗೆ ಹಾಕಿ ಕಂಬಿ ದಂಡ ಮಾಡ್ತಾರೆ ಅಂತ ಬೀಗಿದ್ವಿ. ಆಮೇಲೆ ಡಿಫ್ಲೆಕ್ಷನ್ ಚೆಕ್ ಮಾಡಿದ್ವಿ. ಶೀಟಿನಲ್ಲಿ ಆ ಸಾಲೇ ಇರ್ಲಿಲ್ಲ. ನಮ್ಮ ಸ್ಪ್ಯಾನ್ ಬೈ ಡೆಪ್ತ್ 29.7. ಐಎಸ್ 456ರ ಲೆಕ್ಕದಲ್ಲಿ 200 ಎಂಎಂಗೆ ಹಾಕಿದ್ರೆ ಸುಮಾರು 26ರವರೆಗೆ ಮಾತ್ರ ಬಿಡುತ್ತೆ, ಅಂದ್ರೆ ಫೇಲ್. 150ಕ್ಕೆ ಹಾಕಿದ್ರೆ 31ರ ಆಸುಪಾಸು, ಪಾಸ್. 150 ಅಂದ್ರೆ ಆರಿಂಚು. ಬಾಯಿ ಮುಚ್ಕೊಂಡು ಟೀ ಕುಡಿದ್ವಿ.

ಹಾಗಂತ ಆರಿಂಚಿನ ಲೆಕ್ಕವನ್ನೇ ಎಲ್ಲಾ ಕಡೆ ನಂಬೋ ಹಾಗೂ ಇಲ್ಲ. ಬಾಲ್ಕನಿಯಲ್ಲಿ ಎಳೆತ ಮೇಲ್ಭಾಗದಲ್ಲಿ, ಮುಖ್ಯ ಕಂಬಿ ಅಲ್ಲೇ ಇರಬೇಕು. ಕಾಂಕ್ರೀಟ್ ಹಾಕುವಾಗ ಜನ ತುಳಿದು ಅದು ಕೆಳಗೆ ಹೋದ್ರೆ, ಅಂತರ ಆರಿಂಚು ಇದ್ರೂ ಪ್ರಯೋಜನವಿಲ್ಲ. ಬೆಂಡಿಂಗ್ ಮೊಮೆಂಟ್ ಡಯಾಗ್ರಾಮನ್ನ ಕೈಯಲ್ಲಿ ಬರೆದವನು ಸೈಟಿನಲ್ಲಿ ಮೊದಲು ನೋಡೋದು ಅದನ್ನೇ.

‘ಆಫೀಸಲ್ಲಿ ಯಾರೂ ಕೈಯಲ್ಲಿ ಮಾಡಲ್ಲ’ ಅನ್ನೋ ವಾದ ಗೊತ್ತು, ಅದು ನಿಜ ಕೂಡ. ಹತ್ತು ಮಹಡಿಯ, ಅಂಕುಡೊಂಕಾದ ಕಟ್ಟಡಕ್ಕೆ ಈಟ್ಯಾಬ್ಸ್ ಬಿಟ್ಟು ಪೆನ್ ಹಿಡೀರಿ ಅಂತ ನಾವೂ ಹೇಳಲ್ಲ. ಪರೀಕ್ಷೆಯಲ್ಲಿ ನಡೆಯೋ ಕೈಲೆಕ್ಕವನ್ನೂ ನಾವು ಹೊಗಳಲ್ಲ. ಅದೇ ರೂಮು, ಅಳತೆ ಮಾತ್ರ ಬೇರೆ, ಸ್ಟೆಪ್ಪುಗಳು ಬಾಯಿಪಾಠ. ಹತ್ತು ಮಾರ್ಕ್ಸು ಬರುತ್ತೆ, ಅಂದಾಜು ಬರಲ್ಲ.

ನಾವು ಕೇಳ್ತಿರೋದು ಇಷ್ಟೇ. ಸಾಫ್ಟ್‌ವೇರಿನಲ್ಲಿ ಮಾಡಿದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದಾದ್ರೂ ಪ್ಯಾನೆಲ್ಲು ಕೈಬರಹದಲ್ಲಿರಲಿ, ವೈವಾದಲ್ಲಿ ಆ ಪುಟದ ಮೇಲೇ ಪ್ರಶ್ನೆ ಬರಲಿ. ನಮ್ಮ ವೈವಾದಲ್ಲಿ 70 ಎಂಎಂ ಬಗ್ಗೆ ಯಾರೂ ಕೇಳ್ತಾ ಇರ್ಲಿಲ್ಲ ಅನ್ಸುತ್ತೆ.

ಆ ಶೀಟ್ ಈಗ ಜೂನಿಯರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿದೆ. ಡಿಫ್ಲೆಕ್ಷನ್ ಸಾಲು ಇನ್ನೂ ಸೇರಿಸಿಲ್ಲ. ಅದನ್ನ ಕೈಯಲ್ಲೇ ಮಾಡ್ಕೊಳ್ಳಿ.