ಲಕ್ವಾ ಹೊಡೆದ ಕೈ ನೋಯುತ್ತಿದ್ದರೆ ನರಕ್ಕೆ ಜೀವ ಬರುತ್ತಿದೆ ಎಂದರ್ಥವೇ?

"ನೋವು ಆಗಾಕತ್ತೇತಿ ಅಂದ್ರ ನರಕ್ಕ ಜೀವ ಬರಾಕತ್ತೇತಿ, ತಡಕೋ." ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಪಾರ್ಶ್ವವಾಯು ಆದವರನ್ನು ನೋಡಲು ಬಂದವರು ಹೇಳುವ ಸಮಾಧಾನದ ಮಾತಿದು. ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಮಾತು ನಿಜವಲ್ಲ. ಪಾರ್ಶ್ವವಾಯುವಿನಲ್ಲಿ ಪೆಟ್ಟು ಬಿದ್ದಿರುವುದು ಮೆದುಳಿಗೆ. ಕೈ ನೋವು ಹೆಚ್ಚಾದರೆ ಚೇತರಿಕೆಯೂ ಹೆಚ್ಚುತ್ತದೆ ಎಂಬ ಲೆಕ್ಕವಿಲ್ಲ. ನೋಯುವ ಕೈಯನ್ನು ರೋಗಿ ಆಡಿಸುವುದೇ ಇಲ್ಲ, ವ್ಯಾಯಾಮ ನಿಲ್ಲುತ್ತದೆ, ನಿದ್ದೆ ಕೆಡುತ್ತದೆ. ಅಂದರೆ ನೋವು ಚೇತರಿಕೆಗೆ ಅಡ್ಡಿಯೇ ಆಗುತ್ತದೆ.

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಇದೆ.

ಹೆಚ್ಚಾಗಿ ಕಾಣುವುದು ಭುಜದ ನೋವು. ಭುಜದ ಕೀಲನ್ನು ಜಾಗದಲ್ಲಿ ಹಿಡಿದಿಡುವುದು ಮುಖ್ಯವಾಗಿ ಸುತ್ತಲಿನ ಸ್ನಾಯುಗಳು. ಅವು ಸಡಿಲಾದಾಗ ಕೈಯ ಭಾರವೇ ಕೀಲನ್ನು ಕೆಳಗೆ ಜಗ್ಗುತ್ತದೆ. ಮಗ್ಗದಲ್ಲೋ ಕಬ್ಬಿನ ಗದ್ದೆಯಲ್ಲೋ ದುಡಿದು ಮೊದಲೇ ಸವೆದ ಭುಜವಾದರಂತೂ ಕೇಳುವುದೇ ಬೇಡ. ಇದರ ಮೇಲೆ ಮನೆಯವರು ರೋಗಿಯನ್ನು ಎಬ್ಬಿಸುವಾಗ ಅದೇ ಕೈ ಹಿಡಿದು ಎಳೆಯುತ್ತಾರೆ. ಹಾಗೆ ಎಳೆಯಬೇಡಿ. ಕೂತಾಗ, ಮಲಗಿದಾಗ ಆ ಕೈ ಕೆಳಗೆ ದಿಂಬು ಇರಲಿ. ಅಂಗಿ ತೊಡಿಸುವಾಗ ಸೋತ ಕೈ ಮೊದಲು, ತೆಗೆಯುವಾಗ ಕೊನೆಗೆ. ತೊಲೆಗೆ ಹಗ್ಗ-ಗಾಲಿ ಕಟ್ಟಿ ಕೈಯನ್ನು ತಲೆಯ ಮೇಲಕ್ಕೆ ಎಳೆಯುವ ವ್ಯಾಯಾಮ ಬೇಡವೆಂದು ಅಮೆರಿಕದ ಹೃದಯ ಸಂಘದ 2016ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ವಿಡಿಯೊಗಳಲ್ಲಿ ಮಾತ್ರ ಅದು ಇನ್ನೂ ಓಡಾಡುತ್ತಿದೆ!

ಇನ್ನೊಂದು, ಸ್ನಾಯು ಬಿಗಿದು ಬರುವ ನೋವು. ಇದು ಒಮ್ಮೆಲೇ ಹೆಚ್ಚಾದರೆ ಮಲಬದ್ಧತೆ, ಮೂತ್ರದ ಸೋಂಕು, ಹಾಸಿಗೆ ಹುಣ್ಣು ಇವೆಯೇ ಎಂದು ನೋಡಬೇಕು. ಬೆನ್ನುಹುರಿಗೆ ಪೆಟ್ಟಾದವರಲ್ಲೂ ಹೀಗೇ.

ಮೂರನೆಯದು ಮೆದುಳಲ್ಲೇ ಹುಟ್ಟುವ ನೋವು. ಕೈ ನೋಡಿದರೆ ಗಾಯವಿಲ್ಲ, ಬಾವಿಲ್ಲ. ಆದರೂ ಉರಿ, ಕರೆಂಟ್ ಹೊಡೆದಂತೆ, ಸೂಜಿ ಚುಚ್ಚಿದಂತೆ. ಹೊದಿಕೆ ತಾಗಿದರೂ, ತಣ್ಣೀರು ಬಿದ್ದರೂ ಕಿರುಚುವಂತಾಗುತ್ತದೆ. ಪ್ಯಾರಿಸ್‌ನ ಡೆಜೆರಿನ್ ಮತ್ತು ರೂಸಿ ಎಂಬ ವೈದ್ಯರು 1906ರಲ್ಲೇ ಇದನ್ನು ವಿವರಿಸಿದ್ದರು. ಸ್ಪರ್ಶದ ಸುದ್ದಿಯನ್ನು ಮೆದುಳಿಗೆ ದಾಟಿಸುವ ಥಲಾಮಸ್ ಎಂಬ ಭಾಗ ಅಥವಾ ಅದರ ದಾರಿ ಕೆಟ್ಟಾಗ ಹೀಗಾಗುತ್ತದೆ. ಪಾರ್ಶ್ವವಾಯುವಾಗಿ ಎಷ್ಟೋ ತಿಂಗಳ ಮೇಲೂ ಶುರುವಾಗಬಹುದು. ಹಾಗಾಗಿ "ನಾಟಕ ಮಾಡ್ತಾರ" ಎನ್ನುವ ಮುನ್ನ ಯೋಚಿಸಿ.

ಈ ನೋವಿಗೆ ಮೆಡಿಕಲ್ ಶಾಪ್‌ನ ಡೈಕ್ಲೊಫೆನಾಕ್‌ನಂಥ ಗುಳಿಗೆ ಹೆಚ್ಚೇನೂ ಕೆಲಸ ಮಾಡುವುದಿಲ್ಲ. ಅಪಾಯ ಮಾತ್ರ ಇದೆ: ಅವು ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೆ ಹೊರೆ, ಹೃದಯಾಘಾತ ಮತ್ತು ಮತ್ತೊಮ್ಮೆ ಪಾರ್ಶ್ವವಾಯು ಆಗುವ ಸಾಧ್ಯತೆ ಹೆಚ್ಚಿಸುತ್ತವೆ. ಇಲ್ಲಿ ವೈದ್ಯರು ಕೊಡುವುದು ಅಮಿಟ್ರಿಪ್ಟಿಲಿನ್, ಪ್ರಿಗಾಬಾಲಿನ್‌ನಂಥ ಬೇರೆಯದೇ ಔಷಧಿ. ಪರಿಣಾಮ ತಿಳಿಯಲು ವಾರಗಳು ಬೇಕು, ಮಂಪರು ಬರಬಹುದು, ತಾವಾಗಿಯೇ ನಿಲ್ಲಿಸಬಾರದು. ನೋವು ಪೂರ್ತಿ ಹೋಗದಿರಬಹುದು. ಅರ್ಧ ಇಳಿದು ನಿದ್ದೆ ಬಂದರೂ ಅದು ದೊಡ್ಡ ಲಾಭವೇ. ಇನ್ನು ಪಾರಿವಾಳದ ರಕ್ತ ಹಚ್ಚುವುದರಿಂದ ಯಾವ ನೋವೂ ಹೋಗದು. ಮರಗಟ್ಟಿದ ಕೈಗೆ ಬಿಸಿ ಶಾಖ ಕೊಟ್ಟರೆ ಸುಟ್ಟರೂ ಗೊತ್ತಾಗುವುದಿಲ್ಲ.

ನೋವು ಎಷ್ಟು ಎಂದು ಅಳೆಯುವುದು ಹೇಗೆ? ಆಸ್ಪತ್ರೆಯಲ್ಲಿ ಸೊನ್ನೆಯಿಂದ 10ರವರೆಗೆ ಅಂಕ ಕೇಳುತ್ತಾರೆ. ನಮ್ಮ ಹಿರಿಯರಿಗೆ "ರೂಪಾಯಿಗೆ ಎಷ್ಟು ಆಣೆ ಕಡಿಮಿ ಆತು?" ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಅದೂ ಅಳತೆಯೇ. ಮಾತು ಹೋದವರಿಗೆ ನಗುವ-ಅಳುವ ಮುಖಗಳ ಚಿತ್ರ ತೋರಿಸಿ ಬೆರಳಿಡಲು ಹೇಳಬಹುದು. ಚಿತ್ರಗಳು ಮೇಲಿನಿಂದ ಕೆಳಗೆ ಇರಲಿ, ಏಕೆಂದರೆ ಪಾರ್ಶ್ವವಾಯುವಾದ ಕೆಲವರಿಗೆ ಒಂದು ಪಕ್ಕದ್ದು ಗಮನಕ್ಕೇ ಬರುವುದಿಲ್ಲ. ಅದೂ ಆಗದಿದ್ದರೆ ಮೈ ತೊಳೆಯುವಾಗ ಮುಖ ಹಿಂಡುವುದು, ನರಳುವುದು, ಕೈ ಹಿಂದಕ್ಕೆಳೆಯುವುದನ್ನು ಗಮನಿಸಿ.

ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ. ಬಾಗಲಕೋಟೆಗೆ ಹೋಗುವ ಮುನ್ನ ಒಂದು ವಾರ ಬರೆದಿಡಿ: ನೋವು ಎಲ್ಲಿ, ಯಾವ ಹೊತ್ತಿಗೆ, ಉರಿಯೋ ಸೆಳೆತವೋ, ಯಾವ ಗುಳಿಗೆ ನುಂಗಿದ್ದಾರೆ. ಆದರೆ ಒಂದೇ ಕಾಲಿನ ಮೀನಖಂಡ ದಿಢೀರನೆ ಊದಿ ಬಿಸಿಯಾದರೆ, ಅಥವಾ ನೋವಿನ ಜೊತೆ ಹೊಸದಾಗಿ ಶಕ್ತಿ ಕುಂದಿದರೆ ವಾರ ಕಾಯಬೇಡಿ, ತಕ್ಷಣವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.