ಎರಡೇ ಸುತ್ತು ಗರಿ

ಮಕ್ಕಳೇ, ಬ್ಯಾಂಕಿನಲ್ಲಿ ನೋಟಿನ ಕಟ್ಟು ಕಟ್ಟಿ ಕಟ್ಟಿ ಸವೆದ ಬೆರಳು ನನ್ನವು. ಎಪ್ಪತ್ತು ದಾಟಿದ ಮೇಲೆ ‘ನೊಣ ಕಟ್ಟುವ’ ಮನೆಯಲ್ಲಿ ಕೂರುತ್ತೇನೆ ಎಂದು ಮಾತ್ರ ಎಣಿಸಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ, ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ. ಕಿಟಕಿಯ ಬಳಿ ಮೇಜು, ಮೇಜಿಗೆ ಬಿಗಿದ ಪುಟ್ಟ ವೈಸ್, ಅದರ ಬಾಯಲ್ಲಿ ಒಂದು ಸೆಂಟಿಮೀಟರಿನಷ್ಟು ಗಾಳ. ಅದಕ್ಕೆ ದಾರ, ಗರಿ ಸುತ್ತಿ ಹುಳುವಿನಂತೆ ಮಾಡುವುದು ಅವರ ಹವ್ಯಾಸ. ಟ್ರೌಟ್ ಎಂಬ ಮೀನು ಅದನ್ನು ನಿಜವಾದ ಹುಳು ಎಂದು ನಂಬಿ ಬಾಯಿ ಹಾಕುತ್ತದೆ. ಆದರೆ ಈಗ ಅವರ ಕಣ್ಣು ಮಂಜು. ಹತ್ತು ವರ್ಷದ ನನ್ನ ಮೊಮ್ಮಗ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡಿ, ಅವರಿಗೆ ಕಣ್ಣಾಗುತ್ತಿದ್ದ. ನಾನೂ ಹಿಂದೆ ಹೋದೆ. ಅವರ ಯಾರ್ಕ್‌ಷೈರ್ ಇಂಗ್ಲಿಷ್ ನನಗೆ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧವನ್ನು ಮೊಮ್ಮಗ ತನ್ನ ಹರಕು ಮುರುಕು ಕನ್ನಡದಲ್ಲಿ ಹೇಳುತ್ತಿದ್ದ. ಅವನು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಕೃತಕ ನೊಣದಲ್ಲಿ ಎರಡು ಜಾತಿ. ಹುಂಜದ ಕತ್ತಿನ ಬಿರುಸು ಗರಿ ಸುತ್ತಿದರೆ ನೀರಿನ ಮೇಲೆ ತೇಲುತ್ತದೆ, ಅದು ‘ಡ್ರೈ ಫ್ಲೈ’. ಮೆತ್ತನೆಯ ಗರಿಯದು ಮುಳುಗುತ್ತದೆ, ಅದು ‘ವೆಟ್ ಫ್ಲೈ’. ಮುಳುಗುವುದೇಕೆ? ಮೇಫ್ಲೈ ಮುಂತಾದ ಹುಳುಗಳು ಮರಿಯಾಗಿ ತಿಂಗಳುಗಟ್ಟಲೆ ನದಿಯ ತಳದಲ್ಲಿರುತ್ತವೆ. ರೆಕ್ಕೆ ಬಂದ ಮೇಲಿನ ಬಾಳು ಒಂದೆರಡು ದಿನವಷ್ಟೆ. ಹಾಗಾಗಿ ಟ್ರೌಟ್‌ನ ಊಟದ ಹೆಚ್ಚಿನ ಪಾಲು ನೀರಿನೊಳಗೇ. ಮೆದು ಗರಿಯ ಎಳೆಗಳು ಹರಿವಿನಲ್ಲಿ ಕಾಲಿನಂತೆ ಮಿಸುಕುತ್ತವೆ. ದಾರದ ತುಂಡಿಗೆ ಜೀವ ಬಂದಂತಾಗುತ್ತದೆ.

ಅಜ್ಜ ಕಟ್ಟುತ್ತಿದ್ದುದು ‘ಪಾರ್ಟ್ರಿಜ್ ಅಂಡ್ ಆರೆಂಜ್’. ಕಿತ್ತಳೆ ಬಣ್ಣದ ರೇಷ್ಮೆ ದಾರಕ್ಕೆ ಮೇಣ ಸವರಬೇಕು. ಗಾಳದ ತಲೆಯ ಬಳಿ ಕೌಜುಗದ ಕಂದು ಚುಕ್ಕೆಯ ಗರಿ ಸಿಕ್ಕಿಸಿ, ದಾರವನ್ನು ಒತ್ತೊತ್ತಾಗಿ ಗಾಳದ ಮೊನೆಯ ನೇರಕ್ಕೆ ಬರುವವರೆಗೆ ಸುತ್ತಿ, ಮತ್ತೆ ತಲೆಗೆ ತರಬೇಕು. ಆಮೇಲೆ ಗರಿಯನ್ನು ಎರಡು ಸುತ್ತು ಸುತ್ತಿ ಗಂಟು. ಮುಗಿಯಿತು.

ಈ ವಿದ್ಯೆ ಹಳೆಯದು. 1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಗಾಳದ ಪುಸ್ತಕದಲ್ಲಿ ಹನ್ನೆರಡು ನೊಣಗಳ ಪಟ್ಟಿಯಿದೆ. ಮೊದಲನೆಯದಕ್ಕೇ ಕೌಜುಗದ ಗರಿ! 1857ರಲ್ಲಿ ಸ್ಕಾಟ್ಲೆಂಡಿನ ಡಬ್ಲ್ಯೂ. ಸಿ. ಸ್ಟೀವರ್ಟ್ ಎಂಬವರು ಮೆದು ಗರಿಯ ಮೂರೇ ನೊಣಗಳನ್ನು ಬಹಳ ಹೊಗಳಿ ಬರೆದರು. 1885ರಲ್ಲಿ ಟಿ. ಇ. ಪ್ರಿಟ್ ಯಾರ್ಕ್‌ಷೈರಿನ ನೊಣಗಳನ್ನೆಲ್ಲ ಪುಸ್ತಕಕ್ಕೆ ತಂದರು. ಬ್ರಿಟಿಷರು ಟ್ರೌಟನ್ನು ನಮ್ಮ ಕಾಶ್ಮೀರಕ್ಕೂ ನೀಲಗಿರಿಗೂ ತಂದುಬಿಟ್ಟಿದ್ದಾರೆ.

ಮೊಮ್ಮಗನ ಮೊದಲ ನೊಣಕ್ಕೆ ಗರಿ ಏಳು ಸುತ್ತು ಬಿದ್ದಿತ್ತು. ಪೊರಕೆಯಂತೆ ದಪ್ಪ. ಅಜ್ಜ ಬೆರಳಲ್ಲಿ ತಡವಿ ನೋಡಿ, ಬ್ಲೇಡಿನಿಂದ ಸರ್ರನೆ ಕತ್ತರಿಸಿ ಗಾಳ ಬರಿದು ಮಾಡಿದರು. ಹುಡುಗನ ಕಣ್ಣು ತುಂಬಿತು. ಮನೆಗೆ ಬಂದ ಮೇಲೆ ನಾನು ನನ್ನ ಕಥೆ ಹೇಳಿದೆ. ಕೆಲಸಕ್ಕೆ ಸೇರಿದ ವಾರ ನಾನು ಕಟ್ಟಿದ ಒಂದು ಕಟ್ಟಿನಲ್ಲಿ 99 ನೋಟು. ಹೆಡ್ ಕ್ಯಾಷಿಯರ್ ಬೈಯಲಿಲ್ಲ. ಅಂದು ಕಟ್ಟಿದ ಇಪ್ಪತ್ತು ಕಟ್ಟನ್ನೂ ಬಿಚ್ಚಿ ನನ್ನ ಮುಂದಿಟ್ಟರು. ರಾತ್ರಿ ಒಂಬತ್ತಕ್ಕೆ ಮನೆ ಸೇರಿದೆ. “ನೀನೂ ಅತ್ತೆಯಾ ತಾತ?” ಎಂದ. “ಬಸ್ಸಿನಲ್ಲಿ, ಸ್ವಲ್ಪ” ಎಂದೆ. ಮರುದಿನ ಅವನೇ ಮೊದಲು ಚಪ್ಪಲಿ ಮೆಟ್ಟಿದ.

ಹತ್ತನೆಯ ನೊಣ ಸರಿಬಂತು. ಭಾನುವಾರ ವಾರ್ಫ್ ನದಿಗೆ ಹೋದೆವು. ಅಜ್ಜ ಹೊಳೆಗೆ ಅಡ್ಡಲಾಗಿ ಎಸೆದು, ನೊಣ ಹರಿವಿನೊಡನೆ ಬಿಲ್ಲಿನಂತೆ ಬಾಗಿ ಬರಲು ಬಿಟ್ಟರು. ಸ್ವಲ್ಪ ಹೊತ್ತಿಗೇ ದಾರ ಬಿಗಿಯಿತು. ಗೇಣುದ್ದದ ಕಂದು ಟ್ರೌಟ್, ಮೈಮೇಲೆ ಕುಂಕುಮದ ಚುಕ್ಕೆ. ಅವರು ಕೈ ಒದ್ದೆ ಮಾಡಿಕೊಂಡು, ಹಿಮ್ಮುಳ್ಳಿಲ್ಲದ ಗಾಳವನ್ನು ಬಿಡಿಸಿ, ಮೀನನ್ನು ನೀರಿಗೇ ಬಿಟ್ಟರು.

ಹುಡುಗ ಕುಣಿಯಲಿಲ್ಲ. “ಅದಕ್ಕೆ ನೋವಾಯಿತಾ?” ಎಂದು ಕೇಳಿದ.

“ಆಗಿರಬಹುದು. ಅದಕ್ಕೇ ಬೇಗ ಬಿಟ್ಟೆ” ಎಂದರು ಅಜ್ಜ. ಹುಡುಗ ನನ್ನತ್ತ ತಿರುಗಿದ. ನಮ್ಮದು ಮೀನು ಮುಟ್ಟದ ಮನೆ. ಆದರೂ ಆ ಮುದುಕರ ಸಂತೋಷ ಕಂಡ ಮೇಲೆ ‘ತಪ್ಪು’ ಎನ್ನಲು ನನಗೆ ಬಾಯಿ ಬರಲಿಲ್ಲ. ‘ಸರಿ’ ಎನ್ನಲೂ ಆಗಲಿಲ್ಲ. “ನನಗೂ ಗೊತ್ತಿಲ್ಲ ಕಣೋ” ಎಂದೆ.

ಮೂರು ದಿನ ಯೋಚಿಸಿ ಅವನೇ ತೀರ್ಮಾನಿಸಿದ: ಮೀನು ಹಿಡಿಯುವುದಿಲ್ಲ, ಆದರೆ ಅಜ್ಜನಿಗೆ ನೊಣ ಕಟ್ಟಿಕೊಡುತ್ತಾನೆ. ಲೆಕ್ಕ ಪೂರ್ತಿ ಟ್ಯಾಲಿ ಆಗಲಿಲ್ಲ ಎನಿಸಿತು. ಆದರೂ ನಾನು ಅದನ್ನು ಬಿಚ್ಚಿಡಲು ಹೋಗಲಿಲ್ಲ.

ಅಂಗಳದಲ್ಲಿ ಹುಂಜದ ಬಿರುಸು ಗರಿ, ಹೇಂಟೆಯ ಮೆದು ಗರಿ ಸಿಕ್ಕರೆ ಎರಡನ್ನೂ ನೀರಿನ ಲೋಟದಲ್ಲಿ ಅಲ್ಲಾಡಿಸಿ ನೋಡಿ, ಮಕ್ಕಳೇ. ಯಾವುದಕ್ಕೆ ಜೀವ ಬರುತ್ತದೆಂದು ತಿಳಿಯುತ್ತದೆ. ಆಮೇಲೆ ಕೈ ತೊಳೆಯಿರಿ. ಗಾಳ ಮಾತ್ರ ಹಿರಿಯರಿಲ್ಲದೆ ಮುಟ್ಟಬೇಡಿ.

ಈಗ ಪ್ರತಿ ಭಾನುವಾರ ಮೊಮ್ಮಗನ ಫೋನು. ವಿಡಿಯೋದಲ್ಲಿ ನೊಣ ತೋರಿಸಿ ಕನ್ನಡದಲ್ಲೇ ಹೇಳುತ್ತಾನೆ: “ತಾತ, ಎಣಿಸು. ಎರಡೇ ಸುತ್ತು.”

ನಾನು ಕನ್ನಡಕ ಹಾಕಿಕೊಂಡು ಎಣಿಸುತ್ತೇನೆ.